ಮೀಟಿಂಗಿನಲ್ಲಿ ಎಲ್ಲರೂ ಮೌನ, ದೂರು ಬರುವುದು ಗಿರಾಕಿಯ ಗೇಟಿನಿಂದ: ಎಲ್ಲಿಂದ ಸರಿಪಡಿಸುವುದು?

ಭೋಸರಿ_ಪ್ರೊಡಕ್ಷನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಮಷಿನಿಂಗ್ ಕಾರ್ಖಾನೆಯ ವಿಷಯ. 14 ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್, 6 ವಿಎಂಸಿ (ಲಂಬ ಮಷಿನಿಂಗ್ ಸೆಂಟರ್), ಮೂರು ಶಿಫ್ಟ್, ಒಟ್ಟು 140 ಜನ. ಅವರಲ್ಲಿ 60 ಮಂದಿ ಪರ್ಮನೆಂಟ್, ಉಳಿದ 80 ಮಂದಿ ಕಾಂಟ್ರಾಕ್ಟ್. ಬೆಳಗಾವಿ, ವಿಜಯಪುರ ಕಡೆಯವರು, ಸೋಲಾಪುರ, ಲಾತೂರಿನವರು, ಬಿಹಾರ, ಒಡಿಶಾದವರು ಎಲ್ಲರೂ ಇದ್ದಾರೆ. ಕೆಲಸ ಹೆಚ್ಚಾಗಿ ಅಲ್ಯೂಮಿನಿಯಂ ಹೌಸಿಂಗ್‌ಗಳದ್ದು.

ಹಳೆಯ ಮಾಲೀಕರ ಎದುರು ಯಾರೂ ಉಸಿರೆತ್ತುತ್ತಿರಲಿಲ್ಲ. ಈಗ ಅವರ ಮಗಳು ಎಂಡಿ. ಮನಸಾರೆ ಬದಲಾವಣೆ ಬಯಸುವವರು. ಮೂರು ತಿಂಗಳ ಹಿಂದೆ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಿ, ತಪ್ಪಾದರೆ ಬಂದು ಹೇಳಿ, ಯಾರೂ ಬೈಯುವುದಿಲ್ಲ, ನನ್ನ ಕ್ಯಾಬಿನ್ನಿಗೆ ಯಾವಾಗ ಬೇಕಾದರೂ ಬನ್ನಿ ಎಂದರು. ಕ್ಯಾಂಟೀನ್ ಗೋಡೆಗೆ ಸಲಹಾ ಪೆಟ್ಟಿಗೆಯನ್ನೂ ಹಾಕಿಸಿದರು. ಇವತ್ತಿನವರೆಗೆ ಅದರಲ್ಲಿ ಬಿದ್ದದ್ದು ನಾಲ್ಕೇ ಚೀಟಿ. ಮೂರು ಚಹಾದ ಬಗ್ಗೆ, ಒಂದರಲ್ಲಿ ಬರೀ ಬೈಗುಳ.

ಬೆಳಗಿನ 9 ಗಂಟೆಯ ಮೀಟಿಂಗಿನಲ್ಲಿ ಆರೂ ಸೂಪರ್‌ವೈಸರುಗಳು "ಸಬ್ ಠೀಕ್" ಎನ್ನುತ್ತಾರೆ. ಶಿಫ್ಟ್ ಶೀಟಿನಲ್ಲಿ ರಿಜೆಕ್ಷನ್ (ತಿರಸ್ಕರಿಸಿದ ಪೀಸುಗಳ ಪಾಲು) ಶೇಕಡಾ 0.8 ದಾಟುವುದೇ ಇಲ್ಲ. ಆದರೆ ಬೋರ್ (ಪೀಸಿನ ಒಳರಂಧ್ರ) ಸಣ್ಣದಾಗಿದೆ ಎಂದು ಎರಡು ತಿಂಗಳಲ್ಲಿ ಮೂರು ಲಾಟ್ ಗಿರಾಕಿಯ ಗೇಟಿನಿಂದಲೇ ವಾಪಸ್ ಬಂದಿವೆ. ಶಿಫ್ಟಿನ ರಿಜೆಕ್ಷನ್ ಶೇಕಡಾ 1 ದಾಟಿದರೆ ಆ ಶಿಫ್ಟಿನವರ ತಿಂಗಳ ₹1,500 ಇನ್ಸೆಂಟಿವ್ ಕಟ್ ಎಂಬ ಹಳೆಯ ನಿಯಮ ಇನ್ನೂ ಇದೆ, ಇದನ್ನೂ ಹೇಳಿಬಿಡುತ್ತೇನೆ.

ಎಂಡಿ ಮೇಡಂ ಮೊದಲು ಮಾಡಬೇಕಾದ್ದು ಏನು? ಹೆಸರಿಲ್ಲದ ಚೀಟಿ ಒಳ್ಳೆಯದೋ ಕೆಟ್ಟದ್ದೋ? ಸೂಪರ್‌ವೈಸರುಗಳು ಬದಲಾಗುವುದು ಹೇಗೆ? ಪರಿಸ್ಥಿತಿ ಸುಧಾರಿಸುತ್ತಿದೆ ಎಂದು ಯಾವ ಲೆಕ್ಕದಿಂದ ತಿಳಿಯಬೇಕು? "ಕಲ್ಚರ್ ಬದಲಾಗಬೇಕು" ಎಂಬ ಮಾತು ಸಾಕಷ್ಟು ಕೇಳಿ ಆಗಿದೆ. ನಾಳೆ ಬೆಳಿಗ್ಗೆ ಮಾಡಬಹುದಾದ ಕೆಲಸ ಹೇಳಿ.

ಚಾಕಣ್_ಕ್ವಾಲಿಟಿ (ಉತ್ತರ)

ಅಲ್ಯೂಮಿನಿಯಂ ಪೀಸು, ಬೋರ್ ಸಣ್ಣದು, ಶೀಟಿನಲ್ಲಿ ಏನೂ ಇಲ್ಲ. ಪೆಟ್ಟಿಗೆ, ಕ್ಯಾಬಿನ್ ಎಲ್ಲವನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು ಒಂದು ಮಷಿನ್ ಮುಂದೆ ನಿಂತು ನೋಡೋಣ.

ಎರಡನೇ ಶಿಫ್ಟ್ ಮುಗಿಯಲು 20 ನಿಮಿಷ ಇದೆ ಅಂದುಕೊಳ್ಳಿ. ಬೋರ್ 32 ಎಂಎಂ, ಟಾಲರೆನ್ಸ್ (ಒಪ್ಪಿತ ವ್ಯತ್ಯಾಸ) ಸೊನ್ನೆಯಿಂದ ಪ್ಲಸ್ 25 ಮೈಕ್ರಾನ್ (ಎಂಎಂನ ಸಾವಿರದ ಒಂದು ಭಾಗ). ಆಪರೇಟರ್ ಪೀಸನ್ನು ಬಿಚ್ಚಿದವನೇ ಬೋರ್ ಗೇಜ್ ಇಳಿಸುತ್ತಾನೆ. ಮುಳ್ಳು ಪ್ಲಸ್ 31ಕ್ಕೆ ನಿಲ್ಲುತ್ತದೆ. ಈಗ ಅವನ ಮುಂದೆ ಎರಡು ದಾರಿ. ರಿಜೆಕ್ಟ್ ಎಂದು ಕೆಂಪು ಟ್ಯಾಗ್ ಕಟ್ಟಿ ಸೆಟ್ಟರನ್ನು (ಮಷಿನ್ ಹೊಂದಿಸುವವನನ್ನು) ಕರೆದರೆ ಮಷಿನ್ ನಿಲ್ಲುತ್ತದೆ, ಶಿಫ್ಟಿನ ಲೆಕ್ಕ ಒಂದು ಪರ್ಸೆಂಟ್ ದಾಟಬಹುದು, ಜೊತೆಗಾರರ ₹1,500 ಇವನಿಂದಾಗಿ ಹೋಗುತ್ತದೆ, ನಾಳೆ 9 ಗಂಟೆಗೆ ಅವನ ಹೆಸರು ಮೀಟಿಂಗಿಗೆ ಬರುತ್ತದೆ. ಸುಮ್ಮನೆ ಮಷಿನ್ನಿನ ಆಫ್‌ಸೆಟ್ (ಟೂಲ್ ಸ್ಥಾನದ ತಿದ್ದುಪಡಿ) ಪೇಜಿಗೆ ಹೋಗಿ 20 ಮೈಕ್ರಾನ್ ಇಳಿಸಿದರೆ ಏನೂ ಆಗುವುದಿಲ್ಲ. ಅವನು ಎರಡನೆಯದನ್ನೇ ಮಾಡುತ್ತಾನೆ. ಅವನ ಜಾಗದಲ್ಲಿ ಬುದ್ಧಿ ಇರುವ ಯಾರೇ ಇದ್ದರೂ ಅದನ್ನೇ ಮಾಡುತ್ತಿದ್ದರು.

ಆದರೆ ಆ ಪೀಸು ಇನ್ನೂ ಬಿಸಿ ಇತ್ತು. ಅಲ್ಯೂಮಿನಿಯಂ ಒಂದು ಡಿಗ್ರಿಗೆ, ಒಂದು ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಗೇಜ್ ಸೆಟ್ ಮಾಡಿದ ಮಾಸ್ಟರ್ ರಿಂಗಿಗಿಂತ ಪೀಸು 20 ಡಿಗ್ರಿ ಬಿಸಿ ಇದ್ದರೆ 32 ಎಂಎಂ ಬೋರ್ ಹತ್ತಿರ ಹತ್ತಿರ 15 ಮೈಕ್ರಾನ್ ದೊಡ್ಡದಾಗಿ ತೋರುತ್ತದೆ. ತಣಿದ ಮೇಲೆ ಅದು ಪ್ಲಸ್ 16, ಒಳ್ಳೆಯ ಪೀಸು. ಆಫ್‌ಸೆಟ್ ಇಳಿಸಿದ ಮೇಲಿನ ಪೀಸುಗಳು ಬಿಸಿಯಲ್ಲಿ ಪ್ಲಸ್ 11 ತೋರಿಸುತ್ತವೆ, ಅವನಿಗೆ ಸಮಾಧಾನ. ರಾತ್ರಿ ತಣಿದಾಗ ಅವು ಮೈನಸ್ 4. ಗಿರಾಕಿಯ ಗೋ ಗೇಜ್ (ಕನಿಷ್ಠ ಅಳತೆ ಪರೀಕ್ಷಿಸುವ ಗೇಜ್) ಒಳಗೆ ಇಳಿಯುವುದಿಲ್ಲ. ಲಾಟ್ ವಾಪಸ್.

ನಿಮ್ಮಲ್ಲಿ ಆಗಿರುವುದು ಇದೇ ಎಂದು ಇಲ್ಲಿ ಕೂತು ಹೇಳಲು ಬರುವುದಿಲ್ಲ. ಪರೀಕ್ಷಿಸುವುದು ಸುಲಭ. ಹತ್ತು ಪೀಸು ಬಿಸಿ ಇರುವಾಗಲೇ ಅಳೆದು, ನಂಬರ್ ಹಾಕಿ, ಗ್ರಾನೈಟ್ ಸರ್ಫೇಸ್ ಪ್ಲೇಟಿನ ಮೇಲೆ ಒಂದು ಗಂಟೆ ಇಟ್ಟು ಮತ್ತೆ ಅಳೆಯಿರಿ. ವಾಪಸ್ ಬಂದ ಲಾಟಿನ ದಿನ ಆಫ್‌ಸೆಟ್ ಎಷ್ಟು ಸಲ ಬದಲಾಗಿದೆ ನೋಡಿ. ಹೊಸ ಕಂಟ್ರೋಲರುಗಳಲ್ಲಿ ಆ ಇತಿಹಾಸ ಸಿಗುತ್ತದೆ. ಸಿಗದಿದ್ದರೆ ಇವತ್ತಿನಿಂದ ಒಂದು ನೋಟ್‌ಬುಕ್ ಇಡಿ.

ಇಷ್ಟು ಉದ್ದ ಬರೆಯಲು ಕಾರಣ ಇದೆ. ಆ ಆಪರೇಟರ್ ಸೆಟ್ಟರನ್ನು ಕರೆದಿದ್ದರೆ ಐದು ನಿಮಿಷದಲ್ಲಿ "ತಣಿಸಿ ಅಳೆ" ಎಂಬ ಉತ್ತರ ಸಿಗುತ್ತಿತ್ತು, ಮೂರು ಲಾಟ್ ಉಳಿಯುತ್ತಿದ್ದವು. ಕರೆಯಲು ಬಿಡದೇ ಇದ್ದದ್ದು ಇನ್ಸೆಂಟಿವ್ ನಿಯಮ. ಮೇಡಂ ಕ್ಯಾಂಟೀನಿನಲ್ಲಿ ಹೇಳಿದ ಮಾತು ಒಂದು ದಿಕ್ಕಿಗೆ ಎಳೆಯುತ್ತಿದೆ, ಸಂಬಳದ ಚೀಟಿ ಇನ್ನೊಂದು ದಿಕ್ಕಿಗೆ. ಇಂಥ ಹಗ್ಗಜಗ್ಗಾಟದಲ್ಲಿ ಗೆಲ್ಲುವುದು ಯಾವಾಗಲೂ ಸಂಬಳದ ಚೀಟಿಯೇ.

ಹಾಗಾಗಿ ಮೊದಲ ಕೆಲಸ ಆ ನಿಯಮ ತೆಗೆಯುವುದು. ಮೌಖಿಕವಾಗಿ ಬೇಡ, ಎಂಡಿ ಸಹಿ ಮಾಡಿದ ನೋಟಿಸ್ ಮರಾಠಿ, ಹಿಂದಿ, ಕನ್ನಡದಲ್ಲಿ ಬೋರ್ಡಿಗೆ ಬರಲಿ. ₹1,500 ಕಿತ್ತುಕೊಳ್ಳಬೇಡಿ, ಷರತ್ತು ಬದಲಿಸಿ. ಶಿಫ್ಟಿನೊಳಗೆ ತಾವಾಗಿ ಹಿಡಿದು ಹೇಳಿದ ರಿಜೆಕ್ಷನ್ ಇನ್ಸೆಂಟಿವ್ ಲೆಕ್ಕಕ್ಕೆ ಬರುವುದಿಲ್ಲ, ಗಿರಾಕಿ ಹಿಡಿದದ್ದು ಮಾತ್ರ ಬರುತ್ತದೆ ಎಂದಿರಲಿ. ಗಿರಾಕಿ ಹಿಡಿದದ್ದಕ್ಕೂ ಒಂದು ಶಿಫ್ಟನ್ನು ಹೊಣೆ ಮಾಡಬೇಡಿ, ಇಡೀ ಪ್ಲಾಂಟಿಗೆ ಒಂದೇ ಲೆಕ್ಕ ಇಡಿ. ಇಲ್ಲದಿದ್ದರೆ ಒಂದು ಶಿಫ್ಟಿನವರು ಇನ್ನೊಂದು ಶಿಫ್ಟಿನ ಟ್ರೇಗೆ ಪೀಸು ದಾಟಿಸುವುದು ಶುರುವಾಗುತ್ತದೆ.

ಎರಡನೆಯದು, ಕರೆದಾಗ ಬರುವುದು. ಟೊಯೋಟಾದ ಆಂಡಾನ್ ಹಗ್ಗದ ಬಗ್ಗೆ ಎಲ್ಲರೂ ಕೇಳಿರುತ್ತೀರಿ. ಹಗ್ಗ ಎಳೆದ ಕೂಡಲೇ ಲೈನ್ ನಿಲ್ಲುವುದಿಲ್ಲ. ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ, ಗಾಡಿ ಆ ಸ್ಟೇಷನ್ನಿನ ಗೆರೆ ಮುಟ್ಟುವಷ್ಟರಲ್ಲಿ ಬಗೆಹರಿಯದಿದ್ದರೆ ಮಾತ್ರ ಲೈನ್ ನಿಲ್ಲುತ್ತದೆ. ಅಲ್ಲಿ ಕೆಲಸ ಮಾಡುವುದು ಹಗ್ಗ ಅಲ್ಲ, ಬರುವ ಮನುಷ್ಯ. ಅಮೆರಿಕದ ಫ್ರೀಮಾಂಟಿನಲ್ಲಿ ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿದ ಕಾರ್ಖಾನೆಯನ್ನು 1984ರಲ್ಲಿ ಟೊಯೋಟಾ ಜೊತೆ ಸೇರಿ ನುಮ್ಮಿ ಎಂಬ ಹೆಸರಿನಲ್ಲಿ ತೆರೆದರು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ, ಯೂನಿಯನ್ನೂ ಅದೇ. ಗೈರುಹಾಜರಿಗೆ, ಜಗಳಕ್ಕೆ ಹೆಸರಾಗಿದ್ದ ಅದೇ ಜನ ಒಳ್ಳೆಯ ಗುಣಮಟ್ಟದ ಗಾಡಿ ಕಟ್ಟಿದರು. ನಮ್ಮ ಹುಡುಗರೇ ಸರಿಯಿಲ್ಲ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ನಿಮಗೆ ಹಗ್ಗ ಬೇಕಿಲ್ಲ. ಪ್ರತಿ ಮಷಿನ್ನಿಗೂ ಮೂರು ಬಣ್ಣದ ಟವರ್ ಲ್ಯಾಂಪ್ ಇದ್ದೇ ಇರುತ್ತದೆ. ಹಳದಿ ದೀಪಕ್ಕೆ ಒಂದು ಸ್ವಿಚ್ ಕೊಡಿ. ಸ್ವಿಚ್ ಒತ್ತಿದ 3 ನಿಮಿಷದಲ್ಲಿ ಸೆಟ್ಟರ್, 10 ನಿಮಿಷದಲ್ಲಿ ಸೂಪರ್‌ವೈಸರ್ ಬರಬೇಕು. ಮೊದಲ ತಿಂಗಳು ಎಲ್ಲ ಮಷಿನ್ನಿಗೆ ಬೇಡ, ಅದೇ ಹೌಸಿಂಗ್ ಓಡುವ ನಾಲ್ಕು ಮಷಿನ್ನಿಗೆ ಸಾಕು. 20 ಮಷಿನ್ನಿಗೆ ಒಟ್ಟಿಗೆ ಹಾಕಿದರೆ ಸೆಟ್ಟರುಗಳು ಸಾಲುವುದಿಲ್ಲ. ದೀಪ ಹತ್ತಿದರೂ ಯಾರೂ ಬರದೇ ಹೋದರೆ ಎರಡನೇ ವಾರಕ್ಕೆ ಯಾರೂ ಒತ್ತುವುದಿಲ್ಲ, ಆಮೇಲೆ ಏನು ಮಾಡಿದರೂ ಒತ್ತಿಸಲು ಆಗುವುದಿಲ್ಲ.

ಮೇಡಂ ಅವರಿಗೆ ಮೊದಲೇ ತಿಳಿಸಿ: ಇದೆಲ್ಲ ಶುರುವಾದ ಮೇಲೆ ಶೀಟಿನ ರಿಜೆಕ್ಷನ್ ಏರುತ್ತದೆ. 0.8 ಇದ್ದದ್ದು ಎರಡು, ಮೂರು ಆಗಬಹುದು. ಕಾರ್ಖಾನೆ ಕೆಡುತ್ತಿದೆ ಎಂದಲ್ಲ, ಮುಚ್ಚಿಟ್ಟದ್ದು ಹೊರಗೆ ಬರುತ್ತಿದೆ. ಹಾರ್ವರ್ಡಿನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ಹೊಂದಾಣಿಕೆ ಇದ್ದ ತಂಡಗಳಲ್ಲೇ ದಾಖಲಾದ ತಪ್ಪು ಹೆಚ್ಚು ಕಂಡಿತು. ಅವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಹೆಚ್ಚು ಹೇಳುತ್ತಿದ್ದರು. ಆ ಏರಿಕೆ ಕಂಡ ದಿನ ಮೇಡಂ ಗಾಬರಿಯಾಗಿ ಒಂದೇ ಒಂದು ಸಲ ಕೂಗಾಡಿದರೂ ಮೂರು ತಿಂಗಳ ಕೆಲಸ ನೀರುಪಾಲು.

ಮಾಟುಂಗಾ_ಎಚ್‌ಆರ್ (ಉತ್ತರ)

ಚಾಕಣ್ ಸರ್ ಮಷಿನ್ ಕಡೆಯದು ಚೆನ್ನಾಗಿ ಹೇಳಿದ್ದಾರೆ. ನಾನು ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಮುಂಬೈ ಪುಣೆಯ ಬಹಳ ಕಂಪನಿಗಳು ಅದನ್ನು ತಪ್ಪು ಜಾಗದಲ್ಲಿ, ತಪ್ಪು ರೀತಿಯಲ್ಲಿ ಇಡುತ್ತವೆ.

ನಿಮ್ಮ ಪೆಟ್ಟಿಗೆ ಕ್ಯಾಂಟೀನಿನಲ್ಲಿದೆ. ಅಲ್ಲಿ ಸಿಸಿಟಿವಿ ಇರುತ್ತದೆ, ಊಟದ ಹೊತ್ತಿಗೆ ನೂರು ಕಣ್ಣುಗಳಿರುತ್ತವೆ. ಅಲ್ಲಿ ಚೀಟಿ ಹಾಕಿದವನು ಯಾರು ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಬಟ್ಟೆ ಬದಲಿಸುವ ಲಾಕರ್ ಕೋಣೆ ಅಥವಾ ಶೌಚಾಲಯಕ್ಕೆ ಹೋಗುವ ದಾರಿ, ಕ್ಯಾಮೆರಾ ಇಲ್ಲದ ಕಡೆ ಇಡಿ. ಹೆಂಗಸರ ಲಾಕರ್ ಕೋಣೆಗೆ ಬೇರೆ ಪೆಟ್ಟಿಗೆ. ಬೀಗಕ್ಕೆ ಎರಡು ಕೀಲಿ ಇರಲಿ, ಒಂದು ಆಡಳಿತದವರ ಕೈಯಲ್ಲಿ, ಒಂದು ಕಾರ್ಮಿಕರು ಆರಿಸಿದವರ ಕೈಯಲ್ಲಿ. ಒಬ್ಬರೇ ತೆರೆಯಲು ಬರಬಾರದು. ಬರೆಯಲು ಹಿಂಜರಿಯುವವರಿಗೆ ಮುದ್ರಿಸಿದ ಚೀಟಿ ಇಡಿ: ಮಷಿನ್, ಸುರಕ್ಷತೆ, ಸಂಬಳ ಮತ್ತು ಓಟಿ, ನಡವಳಿಕೆ, ಇತರೆ ಎಂಬ ಐದು ಚೌಕ, ಕೆಳಗೆ ಎರಡು ಗೆರೆ ಜಾಗ. ಕೈಬರಹದಿಂದ ಗುರುತು ಸಿಗುತ್ತದೆ ಎಂಬ ಭಯ ನಿಜವಾದದ್ದು. ಟಿಕ್ ಹಾಕುವುದಕ್ಕೆ ಆ ಭಯ ಇಲ್ಲ.

ಆದರೆ ಪೆಟ್ಟಿಗೆಗೆ ಜೀವ ಬರುವುದು ಉತ್ತರದಿಂದ. ಪ್ರತಿ ಸೋಮವಾರ ತೆರೆಯಿರಿ, ಪ್ರತಿ ಚೀಟಿಗೂ ನಂಬರ್ ಹಾಕಿ, ಅದೇ ಶನಿವಾರದೊಳಗೆ ಬೋರ್ಡಿನಲ್ಲಿ ಉತ್ತರ ಬರಲಿ. ಉತ್ತರ ಮೂರೇ ಬಗೆ: ಆಯಿತು, ಇಂಥ ತಾರೀಖಿಗೆ ಆಗುತ್ತದೆ, ಆಗುವುದಿಲ್ಲ, ಕಾರಣ ಇದು. "ಪರಿಶೀಲನೆಯಲ್ಲಿದೆ" ಎಂಬ ನಾಲ್ಕನೆಯದಕ್ಕೆ ಜಾಗ ಕೊಡಬೇಡಿ. ನಿಮಗೆ ಚಹಾದ ಬಗ್ಗೆ ಮೂರು ಚೀಟಿ ಬಂದಿವೆ ಎಂದು ಬರೆದಿದ್ದೀರಿ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜನ ಮೊದಲು ಚಹಾ ಕೇಳಿ ನೋಡುತ್ತಾರೆ. ಚಹಾ ಸರಿಯಾದರೆ ಮುಂದಿನ ಸಲ ಗ್ರೈಂಡರಿನ ಗಾರ್ಡ್ ಬಗ್ಗೆ ಬರೆಯುತ್ತಾರೆ. ಮೂರು ತಿಂಗಳಲ್ಲಿ ಚಹಾ ಬದಲಾಯಿತೇ? ಇಲ್ಲವಾದರೆ ನಾಳೆಯೇ ಅದನ್ನು ಮುಗಿಸಿ, ಮೂರು ಚೀಟಿಗಳಿಗೂ ಉತ್ತರ ಹಾಕಿ.

ಹೆಸರಿಲ್ಲದ ಚೀಟಿ ಬೇಕೇ ಎಂದರೆ, ಶುರುವಿನಲ್ಲಿ ಬೇಕು. ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ವಿಮಾನಯಾನದವರು. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು, ಕಂಟ್ರೋಲರುಗಳು ತಮ್ಮ ತಪ್ಪನ್ನು ತಾವೇ ಬರೆದು ಕಳಿಸುವ ವ್ಯವಸ್ಥೆ ಇದೆ. ದಂಡ ಹಾಕುವ ಅಧಿಕಾರ ಇರುವುದು ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಗೆ, ಆದರೆ ವರದಿ ಹೋಗುವುದು ನಾಸಾಕ್ಕೆ. ನಾಸಾ ಹೆಸರು ತೆಗೆದುಹಾಕಿ ವಿಷಯ ಮಾತ್ರ ಹಂಚುತ್ತದೆ. ಬೇಕೆಂದೇ ಮಾಡಿದ್ದಲ್ಲದ, ಅಪಘಾತ ಅಥವಾ ಅಪರಾಧವಲ್ಲದ ತಪ್ಪನ್ನು 10 ದಿನದೊಳಗೆ ಬರೆದರೆ ದಂಡದಿಂದ ರಕ್ಷಣೆ ಸಿಗುತ್ತದೆ. ಕೇಳಿಸಿಕೊಳ್ಳುವವರು ಬೇರೆ, ಶಿಕ್ಷಿಸುವವರು ಬೇರೆ. ನಿಮ್ಮಲ್ಲಿ ಚೀಟಿ ಓದುವವರೇ ಇನ್ಕ್ರಿಮೆಂಟ್ ಬರೆಯುವವರಾದರೆ ಯಾರು ಬರೆಯುತ್ತಾರೆ?

ಕಾನೂನಿನ ಎರಡು ವಿಷಯ ಇದರ ಜೊತೆ ಬೆರೆಸಬೇಡಿ. 20 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಕುಂದುಕೊರತೆ ಸಮಿತಿ ಬೇಕು, ಅದರಲ್ಲಿ ಆಡಳಿತದವರೂ ಕಾರ್ಮಿಕರೂ ಸಮಸಮ ಇರಬೇಕು. ಹೆಚ್ಚಿನ ಕಡೆ ಇದು ಫೈಲಿನಲ್ಲಿ ಮಾತ್ರ ಇರುತ್ತದೆ. ಎರಡನೇ ಕೀಲಿ ಕೊಡಲು ನಿಮಗೆ ಅಲ್ಲೇ ಜನ ಸಿಗುತ್ತಾರೆ. ಇನ್ನೊಂದು, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ. 10 ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ಸಮಿತಿ, ಅದಕ್ಕೆ ಹಿರಿಯ ಮಹಿಳೆಯೊಬ್ಬರು ಅಧ್ಯಕ್ಷೆ, ಹೊರಗಿನ ಒಬ್ಬ ಸದಸ್ಯರು. ಅಂಥ ದೂರು ಅಪ್ಪಿತಪ್ಪಿ ಪೆಟ್ಟಿಗೆಗೆ ಬಿದ್ದರೆ ಬೋರ್ಡಿಗೆ ಹಾಕಬಾರದು, ಯಾರೊಂದಿಗೂ ಮಾತಾಡಬಾರದು, ನೇರ ಆ ಸಮಿತಿಗೆ ಹೋಗಬೇಕು. ಎಲ್ಲವೂ ತೆರೆದಿರಬೇಕು ಎಂಬ ಹುಮ್ಮಸ್ಸಿನಲ್ಲಿ ಇದನ್ನು ಮರೆತರೆ ಒಬ್ಬಳು ಹೆಣ್ಣುಮಗಳ ಮಾನಕ್ಕೂ ಕೆಲಸಕ್ಕೂ ಕುತ್ತು.

ಪಿಂಪ್ರಿ_ಹುಬ್ಬಳ್ಳಿ (ಉತ್ತರ)

ಒಂದ್ ಮಾತು ಬಿಟ್ಟು ಹೋಗೇತ್ರಿ. ಕಾಂಟ್ರಾಕ್ಟ್ ಮಂದಿ 80 ಅದಾರ ಅಂತ ಬರದೀರಿ. ಅವರ ಬಾಯಿ ಮುಚ್ಚಿಸೋರು ನಿಮ್ಮ ಮೇಡಂ ಅಲ್ರಿ, ಠೇಕೇದಾರ. ಸೂಪರ್‌ವೈಸರ್ ಒಂದ್ ಫೋನ್ ಹಚ್ಚಿ "ನಾಳಿಂದ ಇವನ್ನ ಕಳಸಬ್ಯಾಡ" ಅಂದ್ರ ಮುಗೀತು, ಮರುದಿನ ಗೇಟ್‌ಪಾಸ್ ನಡಿಯೂದಿಲ್ಲ. ನೋಟಿಸ್ ಇಲ್ಲ, ಕಾರಣ ಇಲ್ಲ. ಹಿಂಗಿದ್ದಾಗ ಹಳದಿ ದೀಪ ಯಾರು ಒತ್ತತಾರ?

ಎಂಡಿ ಕಡಿಂದ ಠೇಕೇದಾರಗ ಪತ್ರ ಹೋಗಬೇಕ್ರಿ. ಯಾರನ್ನ ತಗದ್ರೂ ಕಾರಣ ಬರದು ಪ್ಲಾಂಟ್ ಹೆಡ್ ಸಹಿ ಆಗಬೇಕು, ಸಹಿ ಆಗೋ ಮುಂದ ಆ ಮನಷ್ಯಾನ್ನ ಕರದು ಕೇಳಬೇಕು. ಕಳದ 30 ದಿನದಾಗ ಅಂವ ಟ್ಯಾಗ್ ಕಟ್ಟಿದ್ನೋ, ದೀಪ ಒತ್ತಿದ್ನೋ ಅದನ್ನ ಅದ ಹಾಳಿ ಮ್ಯಾಲೆ ಬರೀರಿ. ಎರಡು ಮೂರು ಹಾಳಿ ಕೂಡಿದ ಮ್ಯಾಲೆ ಯಾವ ಸೂಪರ್‌ವೈಸರ್ ಏನ್ ಮಾಡಾಕತ್ತಾನ ಅಂತ ತಾನ ಗೊತ್ತಾಗತೈತಿ.

ಒಡಿಶಾ ಹುಡುಗರಿಗೆ ಮರಾಠಿ ಬೋರ್ಡ್ ಓದಾಕ ಬರೂದಿಲ್ರಿ. ಅವರೊಳಗ ಒಬ್ಬಾಂವನ್ನ ಹಿಡದು ಹೇಳಿಸ್ರಿ.

ವೆರ್ಣಾ_ಕ್ಯೂಎ (ಉತ್ತರ)

ಗೋವಾದ ಔಷಧ ಕಾರ್ಖಾನೆಗಳ ಕ್ಯೂಎ (ಗುಣಮಟ್ಟ ಖಾತರಿ) ಕಡೆಯಿಂದ ಒಂದು ಎಚ್ಚರಿಕೆ. "ಯಾರೂ ಬೈಯುವುದಿಲ್ಲ, ಏನೇ ಆದರೂ ಹೇಳಿ" ಎಂಬ ಮಾತು ಅರ್ಧ ಮಾತ್ರ ಸರಿ. ಏನೇ ಮಾಡಿದರೂ ಏನೂ ಆಗುವುದಿಲ್ಲ ಎಂದು ಜನ ಅರ್ಥ ಮಾಡಿಕೊಂಡರೆ ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೇ ಮೊದಲು ಬೇಸರ ಬರುತ್ತದೆ. ಮೂರು ಬಗೆಯನ್ನು ಬೇರೆ ಬೇರೆ ನೋಡಿ. ಕೈತಪ್ಪು, ಮರೆವು: ಇದಕ್ಕೆ ಶಿಕ್ಷೆ ಇಲ್ಲ, ವ್ಯವಸ್ಥೆ ಸರಿಪಡಿಸಿ. ಬೇಗ ಮುಗಿಸಲು ಹಿಡಿದ ಅಡ್ಡದಾರಿ: ಕೂರಿಸಿ ತಿಳಿಹೇಳಿ, ಆದರೆ ಎಲ್ಲರೂ ಅದೇ ಅಡ್ಡದಾರಿ ಹಿಡಿದಿದ್ದರೆ ತಪ್ಪು ಟಾರ್ಗೆಟ್ಟಿನಲ್ಲಿದೆ. ಅಪಾಯ ಗೊತ್ತಿದ್ದೂ ಲೆಕ್ಕಿಸದೇ ಮಾಡಿದ್ದು, ಅಥವಾ ರೆಕಾರ್ಡ್ ತಿದ್ದಿ ಮುಚ್ಚಿಟ್ಟದ್ದು: ಇಲ್ಲಿ ಕ್ರಮ ಆಗಲೇಬೇಕು, ಅದೂ ಮೇಲಿನವರಿಂದ ಶುರುವಾಗಬೇಕು.

ಅಲ್ಯೂಮಿನಿಯಂ ಕಂಪನಿ ಅಲ್ಕೋವಾಕ್ಕೆ 1987ರಲ್ಲಿ ಮುಖ್ಯಸ್ಥರಾದ ಪಾಲ್ ಓ'ನೀಲ್ ಕಾರ್ಮಿಕರ ಸುರಕ್ಷತೆಯನ್ನೇ ಮೊದಲ ಗುರಿ ಮಾಡಿದರು. ಯಾರಿಗೇ ಗಾಯವಾದರೂ 24 ಗಂಟೆಯೊಳಗೆ ತಮಗೆ ವರದಿ ಬರಬೇಕು, ಜೊತೆಗೆ ಅದು ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂಬುದೂ ಇರಬೇಕು ಎಂಬುದು ಅವರ ನಿಯಮ. 1996ರಲ್ಲಿ ಮೆಕ್ಸಿಕೋದ ಒಂದು ಘಟಕದಲ್ಲಿ ವಿಷಾನಿಲದಿಂದ ಕಾರ್ಮಿಕರು ಅಸ್ವಸ್ಥರಾದರು. ಸ್ಥಳೀಯವಾಗಿ ತೊಂದರೆ ಸರಿಪಡಿಸಿದ್ದರೂ ಮೇಲಕ್ಕೆ ವರದಿ ಹೋಗಿರಲಿಲ್ಲ. ಅದರ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿ ಕೆಲಸ ಕಳೆದುಕೊಂಡರು. ಕಂಪನಿಯ ಅತಿ ಯಶಸ್ವಿ ಅಧಿಕಾರಿಗಳಲ್ಲಿ ಒಬ್ಬರು ಅವರು. ಮುಚ್ಚಿಟ್ಟರೆ ಎಷ್ಟು ದೊಡ್ಡವರೂ ಉಳಿಯುವುದಿಲ್ಲ ಎಂಬುದು ಆಮೇಲೆ ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ.

ರೆಕಾರ್ಡಿನ ವಿಷಯದಲ್ಲಿ ಔಷಧ ಕಾರ್ಖಾನೆಗಳ ಪದ್ಧತಿಯನ್ನು ನೀವು ಹಾಗೆಯೇ ತೆಗೆದುಕೊಳ್ಳಬಹುದು. ತಪ್ಪು ಬರೆದರೆ ಒಂದೇ ಗೆರೆ ಎಳೆಯಿರಿ, ಕೆಳಗಿನ ಅಂಕಿ ಓದಲು ಬರಬೇಕು, ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು, ಕಾರಣ. ವೈಟ್ನರ್ ನಿಷಿದ್ಧ, ಪೆನ್ಸಿಲ್ ನಿಷಿದ್ಧ, ಬಿಡಿ ಹಾಳೆಯಲ್ಲಿ ಬರೆದು ಆಮೇಲೆ ಶೀಟಿಗೆ ಇಳಿಸುವುದೂ ನಿಷಿದ್ಧ. ಅಳತೆಯನ್ನು ಅಳೆದಾಗಲೇ ಬರೆಯಬೇಕು. ನಿಮ್ಮ ಶಿಫ್ಟ್ ಶೀಟುಗಳನ್ನು ತೆಗೆದು ನೋಡಿ. ಎಂಟು ಗಂಟೆಯ ಅಂಕಿಗಳೆಲ್ಲ ಒಂದೇ ಪೆನ್ನು, ಒಂದೇ ಓರೆ, ಒಂದೇ ಒತ್ತಡದಲ್ಲಿದ್ದರೆ ಅವು ಶಿಫ್ಟ್ ಮುಗಿಯುವಾಗ ಕೂತು ತುಂಬಿದ್ದು. ಎಣ್ಣೆ ಕೈಯ ಒಂದು ಗುರುತೂ ಇಲ್ಲದ ಶೀಟ್ ಮಷಿನ್ ಪಕ್ಕದಲ್ಲಿ ಬರೆದದ್ದಲ್ಲ.

ಇನ್ನೊಂದು: ಯಾವ ತನಿಖೆಯಲ್ಲೂ ಕಾರಣದ ಕಾಲಮ್ಮಿನಲ್ಲಿ "ಆಪರೇಟರ್ ತಪ್ಪು" ಎಂದು ಬರೆದು ಮುಚ್ಚಲು ಬಿಡಬೇಡಿ, "ತರಬೇತಿ ಕೊಡಲಾಯಿತು" ಎಂಬ ಪರಿಹಾರವನ್ನೂ ಒಪ್ಪಬೇಡಿ. ಮೇಲೆ ಹೇಳಿದ ಬಿಸಿ ಪೀಸಿನ ಪ್ರಕರಣದಲ್ಲಿ ಹಾಗೆ ಬರೆದಿದ್ದರೆ ಹುಡುಗನಿಗೆ ಬೈಗುಳ ಸಿಗುತ್ತಿತ್ತು, ಪೀಸು ಮತ್ತೆ ಬಿಸಿಯಲ್ಲೇ ಅಳೆಯಲ್ಪಡುತ್ತಿತ್ತು.

ಭೋಸರಿ_ಪ್ರೊಡಕ್ಷನ್

ಎಲ್ಲರಿಗೂ ತುಂಬಾ ಧನ್ಯವಾದ. ಬಿಸಿ ಪೀಸಿನ ಪರೀಕ್ಷೆ ಮಾಡಿಸಿದೆವು. ಒಂದು ಗಂಟೆ ತಣಿದ ಮೇಲೆ ಹತ್ತರಲ್ಲಿ ಒಂಬತ್ತು ಪೀಸು 11ರಿಂದ 14 ಮೈಕ್ರಾನ್ ಇಳಿದವು. ಆಫ್‌ಸೆಟ್ ಇತಿಹಾಸ ತೆಗೆಯುತ್ತಿದ್ದೇವೆ. ಶೀಟುಗಳ ವಿಷಯವೂ ವೆರ್ಣಾ ಮೇಡಂ ಹೇಳಿದಂತೆಯೇ ಇದೆ.

ಇನ್ನೆರಡು ಪ್ರಶ್ನೆ. 9 ಗಂಟೆಯ ಮೀಟಿಂಗಿನಲ್ಲಿ ಎಂಡಿ ನಿಖರವಾಗಿ ಏನು ಮಾಡಬೇಕು, ಏನು ಕೇಳಬೇಕು? ಸೂಪರ್‌ವೈಸರುಗಳು ಇದರಿಂದ ಹುಡುಗರು ತಲೆ ಮೇಲೆ ಕೂರುತ್ತಾರೆ ಎನ್ನುತ್ತಿದ್ದಾರೆ, ಅವರಿಗೆ ಏನು ಉತ್ತರ?

ಚಾಕಣ್_ಕ್ವಾಲಿಟಿ (ಉತ್ತರ)

ಮೀಟಿಂಗನ್ನು ಕಾನ್ಫರೆನ್ಸ್ ಕೋಣೆಯಿಂದ ಹೊರಗೆ ತನ್ನಿ. ರಿಜೆಕ್ಟ್ ಪೀಸು ಹಾಕುವ ಕೆಂಪು ಡಬ್ಬಿಯ ಪಕ್ಕ, ಎಲ್ಲರೂ ನಿಂತು, 15 ನಿಮಿಷ. ನಿನ್ನೆಯ ರಿಜೆಕ್ಟ್ ಪೀಸುಗಳು ಕಣ್ಣೆದುರು ಮೇಜಿನ ಮೇಲಿರಲಿ. ಪೀಸು ಕೈಯಲ್ಲಿದ್ದರೆ ಮಾತು ಪೀಸಿನ ಬಗ್ಗೆ ನಡೆಯುತ್ತದೆ, ಬರೀ ಶೀಟ್ ಇದ್ದರೆ ಮನುಷ್ಯನ ಬಗ್ಗೆ ನಡೆಯುತ್ತದೆ. ಮಾತಾಡುವ ಸರದಿ ಕೆಳಗಿನಿಂದ: ಮೊದಲು ಸೆಟ್ಟರ್, ಆಮೇಲೆ ಸೂಪರ್‌ವೈಸರ್, ಕ್ವಾಲಿಟಿ, ಪ್ಲಾಂಟ್ ಹೆಡ್. ಎಂಡಿ ಕೊನೆಗೆ. ಅವರು ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ಅದಕ್ಕೇ ತಲೆಯಾಡಿಸುತ್ತಾರೆ.

ಕೇಳಬೇಕಾದ ಪ್ರಶ್ನೆ "ಕಾಯ್ ಝಾಲಂ?" ಕೇಳಲೇಬಾರದ ಪ್ರಶ್ನೆ "ಕೋಣೀ ಕೇಲಂ?" ಏನಾಯಿತು ಎಂದು ಕೇಳಿದರೆ ಬೋರ್, ಗೇಜ್, ಕೂಲಂಟ್ ಹೊರಗೆ ಬರುತ್ತವೆ. ಯಾರು ಮಾಡಿದ್ದು ಎಂದರೆ ಒಂದು ಹೆಸರು ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದರ ಬೆನ್ನಿಗೆ ಇನ್ನೆರಡು: ಮೊದಲು ಕಂಡದ್ದು ಎಷ್ಟು ಹೊತ್ತಿಗೆ? ನನ್ನಿಂದ ಏನು ಬೇಕು? ಕೊನೆಯ ಪ್ರಶ್ನೆಗೆ ಬಂದ ಉತ್ತರವನ್ನು ಎಂಡಿ ತಮ್ಮ ಕೈಯಿಂದಲೇ ಬೋರ್ಡಿಗೆ ಬರೆದು ತಾರೀಖು ಹಾಕಬೇಕು. ಆ ತಾರೀಖಿಗೆ ಆಗದಿದ್ದರೆ ಅದೇ ಜಾಗದಲ್ಲಿ ನಿಂತು ತಾವೇ ಆಗಲಿಲ್ಲ ಎನ್ನಬೇಕು. ಬಾಸ್ ತನ್ನ ತಪ್ಪು ಒಪ್ಪಿಕೊಂಡ ದಿನ ಬೇರೆಯವರಿಗೆ ಧೈರ್ಯ ಬರುತ್ತದೆ.

ಅಲನ್ ಮುಲಾಲಿ 2006ರಲ್ಲಿ ಫೋರ್ಡ್ ಸೇರಿದಾಗ ಅಲ್ಲಿಯೂ ನಿಮ್ಮ "ಸಬ್ ಠೀಕ್" ಇತ್ತು. ವಾರದ ಸಭೆಯಲ್ಲಿ ಪ್ರತಿ ಕೆಲಸಕ್ಕೂ ಹಸಿರು, ಹಳದಿ, ಕೆಂಪು ಬಣ್ಣ ಹಾಕಬೇಕಿತ್ತು. ಕಂಪನಿ ಆ ವರ್ಷ 1,200 ಕೋಟಿ ಡಾಲರಿಗೂ ಮೀರಿ ನಷ್ಟದಲ್ಲಿದ್ದರೂ ಚಾರ್ಟುಗಳೆಲ್ಲ ಹಸಿರು. ಕೊನೆಗೆ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ ಎಡ್ಜ್ ಗಾಡಿಯ ಬಿಡುಗಡೆಗೆ ಕೆಂಪು ಹಾಕಿದರು. ಕೋಣೆ ಸ್ತಬ್ಧವಾಯಿತು. ಮುಲಾಲಿ ಚಪ್ಪಾಳೆ ತಟ್ಟಿ, ಇವರಿಗೆ ಯಾರು ನೆರವಾಗಬಲ್ಲಿರಿ ಎಂದು ಕೇಳಿದರು. ಮುಂದಿನ ವಾರಗಳಲ್ಲಿ ಚಾರ್ಟುಗಳಿಗೆ ನಿಜವಾದ ಬಣ್ಣ ಬಂತು. ಕೆಂಪು ಹಾಕಿದವರೇ ಮುಂದೆ ಕಂಪನಿಯ ಮುಖ್ಯಸ್ಥರಾದರು. ನಿಮ್ಮ ಮೀಟಿಂಗಿನಲ್ಲೂ ಮೊದಲ ನಿಜ ಒಂದು ದಿನ ಬಂದೇ ಬರುತ್ತದೆ. ಆ ಕ್ಷಣ ಮೇಡಂ ಮುಖದಲ್ಲಿ ಏನು ಕಾಣುತ್ತದೆ ಎಂದು ಹದಿನೈದು ಜನ ನೋಡುತ್ತಿರುತ್ತಾರೆ, ಮಧ್ಯಾಹ್ನದೊಳಗೆ 140 ಜನಕ್ಕೆ ಸುದ್ದಿ ತಲುಪಿರುತ್ತದೆ. ಅದಕ್ಕೆ ಅವರು ಇವತ್ತೇ ತಯಾರಾಗಲಿ.

ಸೂಪರ್‌ವೈಸರುಗಳ ಆತಂಕ ಸುಳ್ಳಲ್ಲ. ಮೇಲಿನಿಂದ ಪೀಸಿನ ಲೆಕ್ಕ, ಕೆಳಗಿನಿಂದ ದೂರು, ಎರಡರ ನಡುವೆ ಸಿಕ್ಕಿದವರು ಅವರು. ಇಷ್ಟು ವರ್ಷ ಅವರ ಕೈಯಲ್ಲಿದ್ದ ಆಯುಧ ಬೈಗುಳ ಒಂದೇ. ಅದನ್ನು ಕಿತ್ತುಕೊಂಡು ಬೇರೇನೂ ಕೊಡದಿದ್ದರೆ ಅವರು ಎದುರು ನಿಲ್ಲುವುದು ಸಹಜ. ಕೊಡಿ: ಯಾರನ್ನೂ ಕೇಳದೆ 30 ನಿಮಿಷ ಮಷಿನ್ ನಿಲ್ಲಿಸುವ ಅಧಿಕಾರ, ₹2,000ದವರೆಗೆ ಟೂಲ್ ಅಥವಾ ಬಿಡಿಭಾಗ ತರಿಸುವ ಅಧಿಕಾರ, ಶಿಫ್ಟ್ ನಡುವೆ ಒಬ್ಬನನ್ನು ಮಷಿನ್ನಿನಿಂದ ಮಷಿನ್ನಿಗೆ ಬದಲಿಸುವ ಅಧಿಕಾರ. ಇದಕ್ಕೆ ಲಿಖಿತ ಆದೇಶ ಇರಲಿ. ಮೊತ್ತ ನಿಮ್ಮ ಅನುಕೂಲಕ್ಕೆ ತಕ್ಕಂತೆ ಇಡಿ. ನಿಲ್ಲಿಸಿದ ಮರುದಿನ ಪ್ರೊಡಕ್ಷನ್ ಯಾಕೆ ಕಡಿಮೆ ಎಂದು ಯಾರೂ ಅವರನ್ನು ಹಿಂಡಬಾರದು. ಹಿಂಡಿದರೆ ಆದೇಶ ಕಾಗದದ ಮೇಲಷ್ಟೇ ಉಳಿಯುತ್ತದೆ. ಆರರಲ್ಲಿ ಒಬ್ಬರೋ ಇಬ್ಬರೋ ಆರು ತಿಂಗಳಾದರೂ ಬದಲಾಗುವುದಿಲ್ಲ. ಅವರನ್ನು ಪ್ಲಾನಿಂಗಿಗೋ ಸ್ಟೋರಿಗೋ ಗೌರವದಿಂದ ಕಳಿಸಿ, ಜನರ ಮೇಲೆ ಇಡಬೇಡಿ.

ಅಳೆಯುವ ಲೆಕ್ಕ ಕೇಳಿದ್ದಿರಿ. ಸರ್ವೆ ಬೇಡ, ಹೆದರಿದ ಜನ ಸರ್ವೆಯಲ್ಲೂ "ಸಬ್ ಠೀಕ್" ಎಂದೇ ಬರೆಯುತ್ತಾರೆ. ತಿಂಗಳಲ್ಲಿ ಸಿಕ್ಕ ಒಟ್ಟು ದೋಷಗಳಲ್ಲಿ ನೀವೇ ಹಿಡಿದದ್ದು ಎಷ್ಟು, ಗಿರಾಕಿ ಹಿಡಿದದ್ದು ಎಷ್ಟು ನೋಡಿ, ಮೊದಲನೆಯದರ ಪಾಲು ಏರಬೇಕು. ದೋಷ ಹುಟ್ಟಿದ ಹೊತ್ತಿಗೂ ಹೇಳಿದ ಹೊತ್ತಿಗೂ ಅಂತರ ಎಷ್ಟು, ಅದು ಇಳಿಯಬೇಕು. ಹಳದಿ ದೀಪ ಒತ್ತಿದವರು ಎಷ್ಟು ಮಂದಿ ಎಂಬುದನ್ನೂ ನೋಡಿ. ನೂರು ಸಲ ಒತ್ತಿದ್ದರೂ ಒತ್ತಿದವರು ಇಬ್ಬರೇ ಆದರೆ ಉಳಿದವರ ಭಯ ಹಾಗೇ ಇದೆ. ಈ ಯಾವ ಲೆಕ್ಕಕ್ಕೂ ಟಾರ್ಗೆಟ್ ಇಡಬೇಡಿ. ತಿಂಗಳಿಗೆ ಇಷ್ಟು ದೀಪ ಎಂದರೆ ಸುಳ್ಳು ದೀಪ ಹತ್ತುತ್ತವೆ.

ವೆರ್ಣಾ_ಕ್ಯೂಎ

ಟಾರ್ಗೆಟ್ ಮಾತಿಗೆ ಸೇರಿಸುತ್ತೇನೆ. ನಮ್ಮ ಕ್ಷೇತ್ರದಲ್ಲಿ "ಈ ತಿಂಗಳು ಸೊನ್ನೆ ಡೀವಿಯೇಷನ್" (ನಿಗದಿತ ವಿಧಾನ ತಪ್ಪಿದ್ದು ಒಂದೂ ಇಲ್ಲ) ಎಂಬ ಬೋರ್ಡ್ ಕಂಡರೆ ಆಡಿಟರುಗಳು ಅಲ್ಲಿಂದಲೇ ಅಗೆಯಲು ಶುರು ಮಾಡುತ್ತಾರೆ. ನಿಮ್ಮಲ್ಲೂ "ಸೊನ್ನೆ ರಿಜೆಕ್ಷನ್" ಬ್ಯಾನರ್ ಏನಾದರೂ ನೇತಾಡುತ್ತಿದ್ದರೆ ಇಳಿಸಿಬಿಡಿ.

ಭೋಸರಿ_ಪ್ರೊಡಕ್ಷನ್

ಇದೆ, ಗೇಟಿನ ಒಳಗೇ ಇದೆ. ಇಳಿಸುತ್ತೇವೆ. ಇನ್ಸೆಂಟಿವ್ ನೋಟಿಸಿಗೆ ಮೇಡಂ ಒಪ್ಪಿದ್ದಾರೆ, ಮೂರು ಭಾಷೆಯಲ್ಲಿ ತಯಾರಾಗುತ್ತಿದೆ, ಒಡಿಯಾ ಹುಡುಗನೊಬ್ಬ ತನ್ನವರಿಗೆ ಓದಿ ಹೇಳಲು ಒಪ್ಪಿದ್ದಾನೆ. ಠೇಕೇದಾರರ ಪತ್ರ ಅದರ ಜೊತೆಗೇ ಹೋಗುತ್ತದೆ. ಸೋಮವಾರದಿಂದ ನಾಲ್ಕು ಮಷಿನ್ನಿಗೆ ಹಳದಿ ದೀಪ. ತಾವೇ ಹಿಡಿದು ಹೇಳಿದ ಪೀಸಿಗೂ ಹಳದಿ ಟ್ಯಾಗನ್ನೇ ಇಡೋಣವೇ ಎಂದು ಕೇಳುತ್ತಿದ್ದಾರೆ.

ಚಾಕಣ್_ಕ್ವಾಲಿಟಿ

ಬೇಡ ಸರ್, ಹಳದಿ ಟ್ಯಾಗ್ ಹೆಚ್ಚಿನ ಕಾರ್ಖಾನೆಗಳಲ್ಲಿ ರೀವರ್ಕಿಗೆ (ಮತ್ತೆ ಸರಿಪಡಿಸುವ ಪೀಸಿಗೆ) ಇರುತ್ತದೆ, ಗೊಂದಲವಾಗುತ್ತದೆ. ನೀಲಿ ಟ್ಯಾಗ್ ಮಾಡಿಸಿ. ಅದರ ಮೇಲೆ ಮಷಿನ್ ನಂಬರ್, ಹೊತ್ತು, ಅಳತೆ, ಬಿಸಿಯಲ್ಲಿ ಅಳೆದದ್ದೋ ತಣಿದ ಮೇಲೋ, ಇಷ್ಟೇ ಇರಲಿ. ಆಪರೇಟರ್ ಹೆಸರಿನ ಕಾಲಮ್ ಇಡಬೇಡಿ.